ನಾವು ನೆಟ್ಟಗೆ ಮಾಡಿದ ಧಾಟಿ

ಇವತ್ತಿಗೂ ನನಗೆ ಸಿಟ್ಟು ಬರುವುದು ಆ ಮನುಷ್ಯನ ಸಭ್ಯತನದ ಮೇಲೆ. ಅವನು ಒರಟನಾಗಿದ್ದರೆ, ಜಗಳಗಂಟನಾಗಿದ್ದರೆ, ‘ನಮ್ಮವ್ವನ ಧಾಟಿಗೆ ಕೈ ಹಚ್ಚಿದರೆ ನೋಡಿ ಮತ್ತೆ’ ಎಂದು ಒಂದೇ ಒಂದು ಸಲ ಗದರಿದ್ದರೆ ಸಾಕಿತ್ತು. ನಾವೇನು ಅವನನ್ನು ಹುರಿದು ಮುಕ್ಕುತ್ತಿದ್ದೆವೇ? ಅವನು ಮಾತ್ರ ನಮ್ಮಿಬ್ಬರ ಮುಖ ನೋಡಿ, ನಕ್ಕು, ‘ಪರವಾಗಿಲ್ಲ, ಆ ತುಂಡು ಬಿಟ್ಟುಬಿಡೋಣ’ ಎಂದ. ಆ ‘ಪರವಾಗಿಲ್ಲ’ದಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ಅವನು ಐರ್ಲೆಂಡಿನವನು. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ ಅದು. ಪರದೇಶದ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಹುಡುಗ ಹುಡುಗಿಯರ ಇಂಗ್ಲಿಷ್ ತಿದ್ದಲು ಬೇಗಂಪೇಟೆಯ ಒಂದು ಕಂಪನಿ ಅವನನ್ನು ಕರೆಸಿಕೊಂಡಿತ್ತು. ನಾನು ನಾಚಾರಂನಲ್ಲಿ ಒಂದು ಖಾಸಗಿ ಶಾಲೆಯ ಸಂಗೀತದ ಟೀಚರು. ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಈ ಊರಿಗೆ ಬಂದ ಅಪ್ಪ ತೀರಿಕೊಂಡು, ನಾನು, ಅವ್ವ, ಅಪ್ಪನ ಪಿಟೀಲು ಇಷ್ಟೇ ಉಳಿದಿದ್ದೆವು. ನನ್ನ ಮದುವೆಯ ಮಾತೆತ್ತುವುದನ್ನು ನೆಂಟರು ಬಿಟ್ಟಾಗಿತ್ತು. ಕಚೇರಿಗೆ ಕರೆಯುವವರು ಮೊದಲೇ ಇರಲಿಲ್ಲ. ದಿನವಿಡೀ ಮಕ್ಕಳ ಕೈಲಿ ಪ್ರಾರ್ಥನೆ ಹಾಡಿಸಿ ಗಂಟಲು ಹರಿದುಕೊಂಡು ಬಂದು, ಸಂಜೆ ಬಾಗಿಲು ಹಾಕಿಕೊಂಡು ಗೋಡೆಗೆ ಪಿಟೀಲು ಬಾರಿಸುತ್ತಿದ್ದೆ. ಗೋಡೆ ಯಾವತ್ತೂ ತಲೆದೂಗಲಿಲ್ಲ.

ನಾವು ಭೇಟಿಯಾದದ್ದು ಅಬಿಡ್ಸ್‌ನಲ್ಲಿ, ವಾದ್ಯಗಳ ಅಂಗಡಿಯಲ್ಲಿ. ನಾನು ತಂತಿ ಕೊಳ್ಳಲು ಹೋಗಿದ್ದೆ, ಅವನು ಸೀಳು ಬಿಟ್ಟ ಮರದ ಕೊಳಲು ಹಿಡಿದು ಅಂಗಡಿಯವನ ತಲೆ ತಿನ್ನುತ್ತಿದ್ದ. ತಂತಿ ಪರೀಕ್ಷೆಗೆಂದು ನಾನು ಅಲ್ಲೇ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಕಾಲಿನ ಗಿಣ್ಣಿಗೆ ಆನಿಸಿ ನಾಲ್ಕು ಸ್ವರ ಎಳೆದೆ. ಅವನು ಕೊಳಲು ಮರೆತು ನನ್ನ ಕಾಲನ್ನೇ ನೋಡುತ್ತ ನಿಂತ. ಪಿಟೀಲನ್ನು ಹೀಗೂ ಹಿಡಿಯುತ್ತಾರೆಂದು ಅವನಿಗೆ ಗೊತ್ತಿರಲಿಲ್ಲವಂತೆ. ಮುಂದಿನ ಭಾನುವಾರ ನಮ್ಮ ಮನೆಗೆ ಬಂದ. ಅವ್ವ ಅವನಿಗೆ ಸಾಹೇಬ್ರು ಎಂದು ಹೆಸರಿಟ್ಟಳು, ನನಗೂ ಅವನು ಸಾಹೇಬನೇ ಆದ.

ನಮ್ಮ ತಂಡದ ಮೂರನೆಯವನು ಯಾದಗಿರಿ ಕಡೆಯ ಗಾರೆ ಮೇಸ್ತ್ರಿ. ನಮ್ಮ ಓಣಿಯ ತುದಿಯಲ್ಲಿ ಕಾರ್ಖಾನೆಯ ಶೆಡ್ಡು ಕಟ್ಟುತ್ತಿದ್ದವರಲ್ಲಿ ಒಬ್ಬ. ಹೋಳಿ ಹುಣ್ಣಿಮೆಯ ದಿನ ಅವನು ಖಾಲಿ ಸೈಟಿನಲ್ಲಿ ಬೆಂಕಿ ಹಾಕಿ, ಹಲಗೆ ಕಾಯಿಸಿಕೊಂಡು ಬಾರಿಸತೊಡಗಿದ್ದೇ ತಡ, ನಮ್ಮ ಮನೆಯಲ್ಲಿದ್ದ ಸಾಹೇಬ ಚಪ್ಪಲಿ ಕೂಡ ಮೆಟ್ಟದೆ ಓಡಿದ. ಐರ್ಲೆಂಡಿನ ಅವನ ಊರಲ್ಲೂ ಹೀಗೇ ಆಡಿನ ಚರ್ಮ ಬಿಗಿದ ಬಳೆಯಂಥ ವಾದ್ಯ, ಹೀಗೇ ಒಂದು ಕಡ್ಡಿ ಇರುತ್ತವಂತೆ. ಅರ್ಧ ಗಂಟೆಯಲ್ಲಿ ಮೇಸ್ತ್ರಿಯನ್ನು ಹೆಗಲ ಮೇಲೆ ಕೈಹಾಕಿ ಕರಕೊಂಡು ಬಂದ. ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು.

“ಹಲಗಿ ಮನಿಯೊಳಗ?” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಮೇಸ್ತ್ರಿಗೆ ಕೇಳದಿದ್ದರೂ ತಿಳಿಯಿತು. ಅವನು ಕಟ್ಟೆಯ ಮೇಲೇ ಕೂತ. ಸಾಹೇಬ ಅವನ ಪಕ್ಕ ಕೂತ. ನನಗೆ ಮೈಯೆಲ್ಲ ಉರಿದು, ಚಾಪೆ ತಂದು ನಾನೂ ಅಲ್ಲೇ ಹಾಸಿದೆ. ಎಷ್ಟೋ ವಾರ ನಮ್ಮ ತಂಡ ಕಟ್ಟೆಯ ತಂಡವೇ ಆಗಿತ್ತು. ಕೊನೆಗೆ ಒಂದು ಸಂಜೆ ಅವ್ವನೇ ಬಂದು, “ಸೊಳ್ಳಿ ಭಾಳ ಅವ, ಒಳಗ ಬರ್ರಿ ಎಲ್ಲಾರೂ” ಎಂದಳು. ಯಾರೂ ಆ ವಿಷಯ ಮತ್ತೆ ಎತ್ತಲಿಲ್ಲ.

ಸಾಹೇಬ ಕಲಿಸುವ ಕ್ರಮ ಬೇರೆ. ಕಾಗದವಿಲ್ಲ, ಸ್ವರ ಬರೆದುಕೊಳ್ಳುವುದಿಲ್ಲ. ಸುತ್ತ ಕೂರಬೇಕು, ಅವನು ಊದುತ್ತಾನೆ, ಧಾಟಿ ತಿರುತಿರುಗಿ ಬರುತ್ತದೆ, ಸಿಕ್ಕಷ್ಟು ಹಿಡಿಯಬೇಕು, ಉಳಿದದ್ದು ಮುಂದಿನ ಸುತ್ತಿಗೆ. ನಡುವೆ ಯಾರೂ ನಿಲ್ಲಿಸಿ ತಿದ್ದುವುದಿಲ್ಲ. ಧಾಟಿಗಳನ್ನು ಅವರು ಯಾರಿಂದ ಬಂತೋ ಅವರ ಲೆಕ್ಕದಲ್ಲಿ ಗುರುತಿಡುತ್ತಾರಂತೆ: ಇದು ಕುರುಡ ಕಮ್ಮಾರನದು, ಇದು ದೋಣಿಯವನ ಹೆಂಡತಿಯದು ಎಂದು. ಹಾಗೆ ಅವನು ಕಲಿಸಿದ ಒಂದು ಧಾಟಿ, ಅವನ ಅವ್ವನದು.

ಅವಳು ಸಮುದ್ರದ ದಂಡೆಯ ಹಳ್ಳಿಯಲ್ಲಿದ್ದಳು. ವಾದ್ಯ ಮುಟ್ಟಿದವಳಲ್ಲ. ಮಾತಿಲ್ಲದೆ, ಬರೀ ಬಾಯಿಂದ ಡೀಡಲ್ ಡೀಡಲ್ ಎನ್ನುತ್ತ ಹಾಡುತ್ತಿದ್ದಳಂತೆ, ಅದೂ ಕೈಗೆ ಕೆಲಸವಿದ್ದಾಗ ಮಾತ್ರ. ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ. ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದರೆ ಬಾಯಿ ಮುಚ್ಚುತ್ತಿದ್ದಳು. ಅವಳಿಗೆ ಅವಳ ಅವ್ವನಿಂದ ಬಂದದ್ದು, ಮಕ್ಕಳಲ್ಲಿ ಇವನೊಬ್ಬನೇ ಅದನ್ನು ಕದ್ದು ಕೇಳಿ ಕೊಳಲಿಗೆ ಇಳಿಸಿಕೊಂಡದ್ದು. ಅವನು ಅದನ್ನು ಊದುವಾಗ ಕಣ್ಣು ಮುಚ್ಚುತ್ತಿದ್ದ. ಬೇರೆ ಯಾವುದಕ್ಕೂ ಮುಚ್ಚುತ್ತಿರಲಿಲ್ಲ.

ಅದರ ಎರಡನೆಯ ಭಾಗದಲ್ಲಿ ಎಲ್ಲೋ ಒಂದು ಕಡೆ ಧಾಟಿ ಅರೆಹೆಜ್ಜೆ ಹೆಚ್ಚಿಗೆ ನಡೆಯುತ್ತಿತ್ತು. ತಾಳಕ್ಕೆ ಸಿಗುತ್ತಿರಲಿಲ್ಲ. ನಾನು ಅಲ್ಲಿ ಮುಗ್ಗರಿಸುತ್ತಿದ್ದೆ, ಮೇಸ್ತ್ರಿ ಸಿಡಿಮಿಡಿಗೊಳ್ಳುತ್ತಿದ್ದ.

“ಅಕ್ಕಾರ, ಈ ಹಾಡು ಕುಂಟತೈತ್ರಿ,” ಎಂದ ಒಂದು ದಿನ. “ಸಾಬ್‌ಗ ಹೇಳ್ರಿ. ಎಲ್ಲಾ ಛಂದ ಬರಾಕತ್ತಿರತೈತಿ, ಅಲ್ಲಿಗೆ ಬಂದ್ ಕೂಡ್ಲೇ ಕಾಲ್ ತಿರುವತೈತಿ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬ ನಕ್ಕ. ತನ್ನ ಅವ್ವ ಅಲ್ಲಿ ಉಸಿರೆಳೆಯುತ್ತಿದ್ದಳೋ, ಬಟ್ಟೆ ತಿರುವುತ್ತಿದ್ದಳೋ ತನಗೂ ಗೊತ್ತಿಲ್ಲ ಎಂದ.

ಅಷ್ಟರಲ್ಲಿ ಅವನ ಕಂಪನಿಯ ವಾರ್ಷಿಕೋತ್ಸವ ಬಂತು. ಮಾದಾಪುರದ ಹೊಸ ಗಾಜಿನ ಕಟ್ಟಡದಲ್ಲಿ ಕಾರ್ಯಕ್ರಮ. ನೋಟಿಸ್ ಬೋರ್ಡಿನಲ್ಲಿ ನಮ್ಮನ್ನು ಐರ್ಲೆಂಡ್ ಕಡೆಯ ವಾದ್ಯತಂಡವೆಂಬಂತೆ ‘ಸೆಲ್ಟಿಕ್ ಬ್ಯಾಂಡ್’ ಎಂದು ಹಾಕಿದ್ದರು. ಅದು ನಾವೇ ಎಂದು ಮೇಸ್ತ್ರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಮ್ಮ ವಾದನಕ್ಕೆ ಕಂಪನಿಯ ಹುಡುಗಿಯರು ಕುಣಿಯುವವರಿದ್ದರು. ಅವರಿಗೆ ಹೆಜ್ಜೆ ಸರಿಯಾಗಿ ಬೀಳಬೇಕು. ಅಭ್ಯಾಸದಲ್ಲಿ ಆ ಜಾಗಕ್ಕೆ ಬಂದಾಗಲೆಲ್ಲ ನಾನು ಒಂದು ಕಡೆ, ಮೇಸ್ತ್ರಿ ಇನ್ನೊಂದು ಕಡೆ, ಹುಡುಗಿಯರು ಒಬ್ಬರ ಮೇಲೊಬ್ಬರು. ಆಗಲೇ ಸಾಹೇಬ ಆ ಅರೆಹೆಜ್ಜೆಯನ್ನು ಕತ್ತರಿಸಿ ಆ ಮಾತು ಹೇಳಿದ್ದು. ಪರವಾಗಿಲ್ಲ.

ನಮ್ಮದು ಇನ್ನೊಂದು ಕ್ರಮ. ಧಾಟಿ ಒಂದು ಸಲ ಕೂತಿತೆಂದರೆ ಅದನ್ನು ಕೈಗೆ ಹತ್ತುವ ತನಕ ತಿಕ್ಕಬೇಕು. ಅಪ್ಪ ನನ್ನನ್ನು ಹಾಗೇ ಬೆಳೆಸಿದ್ದ. ತಲೆ ಎಲ್ಲೇ ಇರಲಿ, ಬೆರಳು ತಾನಾಗಿ ಹೋಗಬೇಕು. ಮೇಸ್ತ್ರಿಗೂ ಅದೇ ಹಟ. ದಿನಾ ಸಂಜೆ ಮೂವರೂ ಕೂತು ಆ ನೆಟ್ಟಗಿನ ಧಾಟಿಯನ್ನು ತಿಕ್ಕಿದೆವು, ತಿಕ್ಕಿದೆವು. ಐರ್ಲೆಂಡಿನ ಕಡೆ ಹೀಗೆ ಯಾರೂ ಮಾಡುವುದಿಲ್ಲವಂತೆ. ಸಾಹೇಬನಿಗೆ ಹೊಸ ಆಟ ಸಿಕ್ಕಂತಾಗಿ ನಮಗಿಂತ ಹೆಚ್ಚು ಉತ್ಸಾಹದಿಂದ ತಿಕ್ಕಿದ. ಕಾರ್ಯಕ್ರಮದ ದಿನ ಚಪ್ಪಾಳೆಯೋ ಚಪ್ಪಾಳೆ. ಮೇಸ್ತ್ರಿ ವೇದಿಕೆಯ ಪಕ್ಕದ ಗೋಡೆ ಸವರಿ, “ಇದರ ಗಾರೆ ನಂದ ರೀ ಅಕ್ಕಾರ,” ಎಂದು ನನಗೊಬ್ಬಳಿಗೇ ಹೇಳಿದ. ನನ್ನ ಇಡೀ ಜನ್ಮದಲ್ಲಿ ನಾನು ಅಷ್ಟು ಸುಖಪಟ್ಟ ದಿನ ಇನ್ನೊಂದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸಾಹೇಬ ಹೇಳದೆ ಕೇಳದೆ ಆಟೋದಲ್ಲಿ ಬಂದಿಳಿದ. ಕೆಲಸದ ದಿನ. ಮುಖದಲ್ಲಿ ರಕ್ತವೇ ಇರಲಿಲ್ಲ. ಊರಿನಿಂದ ಅವನ ಅಣ್ಣನ ಫೋನು ಬಂದಿತ್ತು. ಅವ್ವನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತು ನಿಂತಿದೆ, ದಿನಗಳು ಹೆಚ್ಚು ಉಳಿದಿಲ್ಲ ಎಂದಿದ್ದಾರೆ ಡಾಕ್ಟರು. ಅಣ್ಣ ಒಂದೇ ಮಾತು ಕೇಳಿದ್ದ: ‘ಬಂದು ಅವಳ ಧಾಟಿ ಅವಳಿಗೆ ಕೇಳಿಸು. ನಮಗ್ಯಾರಿಗೂ ಬರುವುದಿಲ್ಲ.’ ಶನಿವಾರದ ವಿಮಾನಕ್ಕೆ ಟಿಕೆಟ್ಟು ಸಿಕ್ಕಿತ್ತು.

ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅವನು ತಲೆ ಅಲ್ಲಾಡಿಸಿದ.

“ಅದು ಬರುತ್ತಿಲ್ಲ,” ಎಂದ.

“ಏನು ಬರುತ್ತಿಲ್ಲ?”

“ಅವ್ವನದು.”

ಕೊಳಲು ತೆಗೆದು ಊದಿದ. ಧಾಟಿ ಎರಡನೆಯ ಭಾಗಕ್ಕೆ ಬಂತು, ಇಸ್ತ್ರಿ ಹೊಡೆದ ಅಂಗಿಯಂತೆ ನೆಟ್ಟಗೆ ಹೋಗಿ ಮುಗಿಯಿತು. ಎಲ್ಲೂ ಕುಂಟಲಿಲ್ಲ. ಮತ್ತೆ ಊದಿದ. ಮತ್ತೆ ನೆಟ್ಟಗೆ. ಆಫೀಸಿನ ಖಾಲಿ ಕೋಣೆಯಲ್ಲಿ ಬೆಳಗಿನಿಂದ ಊದಿ ಊದಿ ಅವನ ತುಟಿ ಬಾತಿತ್ತು. ಆ ಅರೆಹೆಜ್ಜೆ ಅವನ ಬೆರಳಿನಿಂದ ಅಳಿಸಿಹೋಗಿತ್ತು. ಎಲ್ಲಿತ್ತು, ಅದರಲ್ಲಿ ಯಾವ ಸ್ವರಗಳಿದ್ದವು, ಒಂದೂ ಸಿಗುತ್ತಿರಲಿಲ್ಲ.

ಟೇಪು? ನಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ನಾವು ಹಿಡಿದಿಟ್ಟದ್ದು ಧಾಟಿ ಕೂತ ಮೇಲಿನದು, ಅಭ್ಯಾಸಕ್ಕೆಂದು. ಮೊದಲಿನದು ಕುಂಟುತ್ತಿತ್ತಲ್ಲ, ಅದನ್ನು ಯಾರು ಹಿಡಿದಿಡುತ್ತಾರೆ? ಅವನ ಅವ್ವನದಂತೂ ಯಾರೂ ಟೇಪ್ ಮಾಡಿರಲಿಲ್ಲ. ಟೇಪಿನ ಪೆಟ್ಟಿಗೆ ಎದುರಿಗಿಟ್ಟರೆ ಅವಳು ಹಾಡುವವಳೇ ಅಲ್ಲ.

ನಾನು ಓಡುತ್ತ ಹೋಗಿ ಓಣಿಯ ತುದಿಯಲ್ಲಿ ಮೇಸ್ತ್ರಿಯನ್ನು ಕರೆದೆ. ಅವನು ಸಾರವೆಯ ಮೇಲಿದ್ದ, ಛತ್ತು ಹಾಕುವ ಕೆಲಸ ನಡೆದಿತ್ತು. ಕಾಂಕ್ರೀಟು ಅರ್ಧಕ್ಕೆ ಬಿಟ್ಟು ಹೋಗುವ ಹಾಗಿಲ್ಲ. ನನ್ನ ಮುಖ ನೋಡಿದವನೇ ಇಳಿದು ಬಂದ. ಹಿಂದಿನಿಂದ ಕಾಂಟ್ರಾಕ್ಟರು ತೆಲುಗಿನಲ್ಲಿ ಅವನ ವಂಶವನ್ನೆಲ್ಲ ಉದ್ಧಾರ ಮಾಡುತ್ತಿದ್ದ. ಮೇಸ್ತ್ರಿ ತಿರುಗಿ ನೋಡಲಿಲ್ಲ.

ಅವತ್ತು, ಮರುದಿನ, ನಾವು ಮೂವರೂ ನಮ್ಮ ಮನೆಯ ಪಡಸಾಲೆಯಲ್ಲಿ ಹುಚ್ಚರಂತೆ ಹುಡುಕಿದೆವು.

“ಮೂರನೇ ಸಾಲಿನ ಬುಡದಾಗ ರೀ. ಅಲ್ಲೇ ನಾ ಎಡವತಿದ್ದೆ,” ಎನ್ನುವನು ಮೇಸ್ತ್ರಿ.

“ಬುಡದಾಗಲ್ಲೋ, ನಡುವ. ನನ್ನ ಕಮಾನು ಅಲ್ಲೇ ಸಿಗತಿತ್ತು.”

“ನಿಮ್ಮ ಕಮಾನ ಎಲ್ಲಾ ಕಡೀನೂ ಸಿಗತಿತ್ತ ಬಿಡ್ರಿ.”

“ನಿನಗ ಅಷ್ಟ ಗೊತ್ತದ ಅಂದ್ರ ಎಡವಿ ತೋರ್ಸು ನೋಡೋಣ. ಆವಾಗ ಹೆಂಗ ಎಡವತಿದ್ದಿ, ಹಂಗ ಎಡವು!”

ಅವನು ಹಲಗೆ ಎತ್ತಿಕೊಂಡ. ಸಾಹೇಬ ಊದಿದ, ನಾನು ಕಮಾನು ಎಳೆದೆ, ಆ ಜಾಗ ಹತ್ತಿರ ಬಂತು. ಕಡ್ಡಿ ತನ್ನ ಪಾಡಿಗೆ ತಾನು ಸರಿಯಾದ ಪೆಟ್ಟಿಗೆ ಬಿತ್ತು. ಇನ್ನೊಮ್ಮೆ ಎಂದೆ. ಅವನು ಹಲ್ಲು ಕಚ್ಚಿ ಕೈ ತಡೆದ. ತಡೆದ ಕೈ ಮುಂದಿನ ಪೆಟ್ಟಿಗೆ ಓಡಿಹೋಗಿ ಸೇರಿಕೊಂಡಿತು. ಮತ್ತೊಮ್ಮೆ, ಮಗದೊಮ್ಮೆ. ಸಿಮೆಂಟು ಮೆತ್ತಿದ ಅವನ ಹಣೆಯಿಂದ ಬೆವರು ಬಿಳಿಯಾಗಿ ಇಳಿಯುತ್ತಿತ್ತು.

“ಎಡವಾಕ ಬರವಲ್ದ್ರಿ ಅಕ್ಕಾರ,” ಎಂದು ಹಲಗೆ ಕೆಳಗಿಟ್ಟ. “ಕೈ ತಾನ ಹೋಗಿ ಕುಂದ್ರತೈತಿ. ನಾ ಏನ್ ಮಾಡ್ಲಿ?”

ನನ್ನ ತಲೆ ಕೆಟ್ಟುಹೋಯಿತು. ಸಾಹೇಬನ ಕಡೆ ತಿರುಗಿ ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಧಾಟಿ, ನಿಮ್ಮ ಅವ್ವ. ನಾವು ಎಡವಿದರೆ ಎಡವುತ್ತಿದ್ದೆವು, ಬಿದ್ದರೆ ಬೀಳುತ್ತಿದ್ದೆವು, ಯಾರು ಹೇಳಿದ್ದರು ನಿಮಗೆ ಅಷ್ಟೊಂದು ಒಳ್ಳೆಯವರಾಗಿ ಎಂದು? ಒಂದು ಮಾತು ಬೈಯಲು ಬಾಯಿಗೆ ಏನಾಗಿತ್ತು?

ಅವನು ಹೇಳಿದ: “ಅದು ಎಲ್ಲಿಗೂ ಹೋಗುವುದಿಲ್ಲ ಅಂದುಕೊಂಡಿದ್ದೆ. ಅವ್ವ ಇದ್ದಳಲ್ಲ.”

ಹೇಳಿ, ದೊಡ್ಡ ಗಂಡಸು, ಕೊಳಲನ್ನು ಎದೆಗೆ ಹಿಡಿದುಕೊಂಡು ಮಗುವಿನಂತೆ ಅತ್ತ. ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿದ. ನನಗೆ ನಾಚಿಕೆಯಾಯಿತು, ಸಂಕಟವಾಯಿತು, ಎರಡೂ ಸೇರಿ ಇನ್ನಷ್ಟು ಸಿಟ್ಟೇ ಬಂತು.

ಆಗ ಥಟ್ಟನೆ ನಮ್ಮವ್ವನ ನೆನಪಾಯಿತು. ಅವ್ವ! ಮೊದಲ ದಿನದಿಂದ ಎಲ್ಲವನ್ನೂ ಅಡಿಗೆಮನೆಯಲ್ಲಿ ಕೂತು ಕೇಳಿದವಳು. ರೊಟ್ಟಿ ಬಡಿಯುವಾಗ ಈ ಧಾಟಿಯನ್ನು ಗುನುಗುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೆ. ಅವಳು ನಮ್ಮ ಜೊತೆ ತಿಕ್ಕಿದವಳಲ್ಲ, ತಾಳ ಹಾಕಿದವಳಲ್ಲ. ನಾನು ಒಳಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ.

“ಅವ್ವ, ಸಾಹೇಬ್ರ ತಾಯಿ ಹಾಡು. ಮೊದಲ ಹೆಂಗಿತ್ತು ಹಂಗ ಅನ್ನು. ನಾವು ಕಟ್ಟೀ ಮ್ಯಾಲ ಕೂಡತಿದ್ವಲ್ಲ, ಆವಾಗಿಂದು.”

“ನನಗೆಲ್ಲಿ ಬರ್ತದ?”

“ಬರ್ತದ. ರೊಟ್ಟಿ ಬಡಿ. ಬಡಕೋತ ಅನ್ನು.”

ಅವಳು ಹೆದರಿಕೊಂಡೇ ಹಿಟ್ಟು ತೆಗೆದುಕೊಂಡಳು. ಬಾಗಿಲ ಆಚೆ ಸಾಹೇಬ, ಮೇಸ್ತ್ರಿ ಉಸಿರು ಬಿಗಿಹಿಡಿದು ನಿಂತಿದ್ದರು. ಅವ್ವ ಬಡಿಯುತ್ತ ಬಡಿಯುತ್ತ ಗುನುಗಿದಳು. ಮೊದಲ ಭಾಗ ಬಂತು. ಎರಡನೆಯದು ಬಂತು.

ಅವ್ವನ ಬಾಯಿಂದಲೂ ಬಂದದ್ದು ನೆಟ್ಟಗಿನದೇ. ನಾವು ಅವಳ ಕಿವಿಯನ್ನೂ ತಿಕ್ಕಿಬಿಟ್ಟಿದ್ದೆವು.

“ತಪ್ಪಾತೇನ ಮತ್ತ?” ಎಂದು ಕೇಳಿದಳು. “ಇಲ್ಲವ್ವ, ಛಂದ ಅಂದಿ,” ಎಂದೆ.

ಶನಿವಾರ ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೆ ಅವನನ್ನು ಕಳಿಸಲು ಹೋದೆವು. ಗೇಟಿನಲ್ಲಿ ಪೊಲೀಸಿನವನು ನಮ್ಮನ್ನು ಅಲ್ಲೇ ತಡೆದ. ಸಾಹೇಬ ಹೋದವನು ಮರಳಿ ಬಂದ. ಮೇಸ್ತ್ರಿಯ ಎದುರು ತನ್ನ ಪೆಟ್ಟಿಗೆ ಇಟ್ಟು, ಅದರ ಮೇಲೆ ಇನ್ನೊಮ್ಮೆ ಬಾರಿಸಿ ನೋಡು ಎಂದು ಸನ್ನೆ ಮಾಡಿದ. ಮೇಸ್ತ್ರಿ ಬಗ್ಗಿ ಆ ಪೆಟ್ಟಿಗೆಯ ಮೇಲೆ ಬೆರಳಿನಿಂದ ಬಾರಿಸಿದ, ಕಣ್ಣು ಮುಚ್ಚಿ, ಎಡವಲೆಂದೇ. ಎಡವಲಿಲ್ಲ. “ಪೆಟ್ಟಿಗೆ ತೆಗೀರಿ, ದಾರಿ ಬಿಡಿ” ಎಂದು ಪೊಲೀಸಿನವನು ಹಿಂದಿಯಲ್ಲಿ ಕೂಗಿದ. ಸಾಹೇಬ ಒಳಗೆ ಹೋದ. ಸಾಯುತ್ತಿರುವ ತಾಯಿಗೆ ನಾವು ಹಾಳು ಮಾಡಿದ ಧಾಟಿಯನ್ನು ಹಿಡಿದುಕೊಂಡು ಹೋದ.

ಫೋನು ಬಂದದ್ದು ಬಹಳ ದಿನಗಳ ಮೇಲೆ, ಅವ್ವ ದೇವರ ದೀಪ ಹಚ್ಚುತ್ತಿದ್ದ ಹೊತ್ತಿಗೆ. ಅವನ ದನಿ ಸಮುದ್ರದ ಆಚೆಯಿಂದ ತುಂಡು ತುಂಡಾಗಿ ಬರುತ್ತಿತ್ತು. ಅವನ ತಾಯಿ ತೀರಿಕೊಂಡಿದ್ದಳು. ಮಣ್ಣು ಮಾಡಿ ವಾರವಾಗಿತ್ತು.

“ಕೇಳಿಸಿದಿರಾ?” ಎಂದೆ.

ಕೇಳಿಸಿದೆ ಎಂದ, ನಡೆದದ್ದನ್ನೆಲ್ಲ ಹೇಳಿದ: ನಿಮ್ಮ ಮನೆಯಲ್ಲಿ ತಿಕ್ಕಿದ್ದನ್ನೇ ಊದಿದೆ, ನನ್ನ ಹತ್ತಿರ ಬೇರೆ ಇರಲಿಲ್ಲವಲ್ಲ. ಅವಳು ಕಣ್ಣು ಬಿಟ್ಟಳು. ಎಡಗೈ ಇನ್ನೂ ಆಡುತ್ತಿತ್ತು. ಹೊದಿಕೆಯ ಮೇಲೆ ಒಂದು ಬೆರಳಿಂದ ತಟ್ಟತೊಡಗಿದಳು. ಮೊದಲ ಭಾಗ ಪೂರ್ತಿ ಸರಿಯಾಗಿ ತಟ್ಟಿದಳು. ಎರಡನೆಯದಕ್ಕೆ ಬಂದಾಗ ಒಂದು ಕಡೆ ಬೆರಳು ಮೇಲೆದ್ದು, ಮೇಲೆಯೇ ನಿಂತಿತು. ನನ್ನ ಕೊಳಲು ಮುಂದೆ ಹೋಗಿಬಿಟ್ಟಿತ್ತು. ಅವಳು ನನ್ನನ್ನು ನೋಡಿದಳು. ಮತ್ತೆ ಮೊದಲಿನಿಂದ ಊದಿದೆ. ಅದೇ ಜಾಗಕ್ಕೆ ಬೆರಳು ಮತ್ತೆ ಎದ್ದು ನಿಂತಿತು. ಆಗ ನಾನೂ ನಿಂತೆ. ಬೆರಳು ಇಳಿಯಿತು, ನಾನು ಮುಂದುವರಿದೆ. ಅಲ್ಲಿ ಯಾವ ಸ್ವರ ಅವ್ವ ಎಂದು ಕೇಳಿದೆ. ಅವಳ ಬಾಯಿ ಅಲುಗಾಡಿತು. ಸದ್ದು ಬರಲಿಲ್ಲ.

“ಜಾಗ ಸಿಕ್ಕಿತು,” ಎಂದ. “ಅದರೊಳಗಿದ್ದದ್ದು ಸಿಗಲಿಲ್ಲ.”

ಆಮೇಲೆ ಫೋನಿನ ಮೇಲೆ ಬೆರಳಿಂದ ತಟ್ಟಿ ತೋರಿಸಿದ. ಟಕ್ ಟಕ್ ಟಕ್. ಸುಮ್ಮನೆ. ಟಕ್. ಲೈನು ಕಡಿದು ಹೋಗುವ ಮುಂಚೆ ಹಿಡಿದುಕೊಳ್ಳಿ ಎಂದು ಅವಸರ ಮಾಡಿದ. ನಾನು ರಿಸೀವರನ್ನು ಕಿವಿಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಮೇಜಿನ ಮೇಲೆ ತಟ್ಟುತ್ತ ಹಿಡಿದುಕೊಂಡೆ. ಅಳುತ್ತಿದ್ದೆ, ಆದರೆ ತಪ್ಪಲಿಲ್ಲ.

ಅವನು ಹೈದರಾಬಾದಿಗೆ ಮರಳಲಿಲ್ಲ. ಕಂಪನಿಯವರು ಅವನ ಜಾಗಕ್ಕೆ ಬೇರೆ ಯಾರನ್ನೋ ತಂದರು. ತಂಡದಲ್ಲಿ ಉಳಿದದ್ದು ಪಿಟೀಲು ಮತ್ತು ಹಲಗೆ. ಮುಂದೆ ಒಂದೆರಡು ಕಡೆ ಕರೆದರು, ಹೋಗಿ ಬಾರಿಸಿದೆವು. ಆ ಜಾಗಕ್ಕೆ ಬಂದಾಗ ನಾವಿಬ್ಬರೂ ನಿಲ್ಲುತ್ತೇವೆ. ಮರೆತುಹೋಯಿತೆಂದು ಜನ ಪಾಪ ಎನ್ನುವಂತೆ ನೋಡುತ್ತಾರೆ. ಒಂದು ಸಲ ಮುಂದಿನ ಸಾಲಿನವರು ಹುರಿದುಂಬಿಸಲೆಂದು ಚಪ್ಪಾಳೆಯನ್ನೂ ತಟ್ಟಿದರು. ನನಗೆ ಆ ಚಪ್ಪಾಳೆಯ ಕೈಗಳನ್ನು ಮುರಿಯಬೇಕೆನಿಸಿತು.

ಫೋನು ಬಂದ ಮರುದಿನವೇ ಮೇಸ್ತ್ರಿಯನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ಸಾಹೇಬ ಕೂರುತ್ತಿದ್ದ ಕುರ್ಚಿಯನ್ನು ಅವ್ವ ತೆಗೆದಿರಲಿಲ್ಲ. ನಾನು ಕಮಾನು ಎಳೆದೆ, ಅವನು ಬಾರಿಸಿದ, ಎರಡನೆಯ ಭಾಗ ಬಂತು, ನಾನು ನಿಂತೆ. ಅವನ ಕೈ ಮುಂದಿನ ಪೆಟ್ಟಿಗೆ ಹಾರಿತು, ಅದನ್ನು ಇನ್ನೊಂದು ಕೈಯಿಂದ ಗಪ್ಪನೆ ಹಿಡಿದುಕೊಂಡ. ಹಾಗೆ ಹಿಡಿದುಕೊಂಡೇ ನನ್ನನ್ನು ನೋಡಿದ.

“ಎಷ್ಟೊತ್ತ ನಿಂದ್ರೂದ್ರಿ ಅಕ್ಕಾರ ಇಲ್ಲಿ?”

“ಆ ತಾಯಿ ಬೆರಳು ಇಳಿಯೋ ತನಕ.”